ಪ್ರಾಚಾರ್ಯರ ಖಾಲಿ ಕುರ್ಚಿ

ನಾನು ಹುಟ್ಟಿದ್ದು ಜೈಲಿನಲ್ಲಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆ ಕಾಲದಲ್ಲಿ ಸರ್ಕಾರಿ ಕಚೇರಿಗಳ ಮೇಜು, ಕುರ್ಚಿ, ಬೀರು ಹೆಚ್ಚಾಗಿ ಜೈಲಿನ ಬಡಗಿ ಕೆಲಸದ ಶೆಡ್ಡಿನಿಂದಲೇ ಬರುತ್ತಿದ್ದವು. ಶಿಕ್ಷೆ ಅನುಭವಿಸುತ್ತಿದ್ದ ಒಬ್ಬ ಬಡಿಗ ನನ್ನನ್ನು ಮಾಡಿದ. ಸಾಗವಾನಿ ಮರ, ಅಗಲವಾದ ತೋಳು, ಬೆತ್ತ ಹೆಣೆದ ಬೆನ್ನು. ಕೆಲಸ ಮುಗಿದ ಕೂಡಲೇ ಅವನು ನನ್ನ ಮೇಲೆ ಧಡಕ್ಕನೆ ಕೂತುಬಿಟ್ಟ. ಪಹರೆಯವನು ಗದರಿದ. "ಕುಂತು ನೋಡದ ಹೆಂಗ ಗೊತ್ತಾಗಬೇಕ್ರಿ ಸಾಹೇಬ್ರ, ಗಟ್ಟಿ ಐತೋ ಇಲ್ಲೋ" ಅಂದ. ಹೀಗೆ ನನ್ನ ಮೇಲೆ ಮೊದಲು ಕೂತವನು ಒಬ್ಬ ಕೈದಿ. ಅವನಿಗೆ ಹೆದರಿಕೆ ಇರಲಿಲ್ಲ. ಹೆದರುವ ಜನ ನನಗೆ ಸಿಕ್ಕಿದ್ದು ಕಾಲೇಜಿನಲ್ಲಿ, ಅವರೆಲ್ಲ ಎರಡೆರಡು ಡಿಗ್ರಿ ಮಾಡಿದವರು.

ತುಂಗಭದ್ರಾ ಕಾಲುವೆ ಸೀಮೆಯ ಒಂದು ತಾಲ್ಲೂಕು ಊರಿಗೆ ಆಗ ತಾನೇ ಸರ್ಕಾರಿ ಪದವಿ ಕಾಲೇಜು ಬಂದಿತ್ತು. ಲಾರಿಯಿಂದ ಇಳಿಸಿ ನನ್ನನ್ನು ಪ್ರಾಚಾರ್ಯರ ಕೋಣೆಯಲ್ಲಿ ಇಟ್ಟರು. ಮೊದಲ ಪ್ರಾಚಾರ್ಯರು ನಾಲತವಾಡ ಸರ್. ದಪ್ಪ ದೇಹ, ದೊಡ್ಡ ದನಿ, ಮೂಗಿನ ತುದಿಯಲ್ಲಿ ಕೋಪ. ಅವರು ಕೂತರೆ ನನ್ನ ಕೀಲು ಕೀಲೂ ಕಿರ್ರೆನ್ನುತ್ತಿತ್ತು. ಎಷ್ಟೋ ಸಲ ತಪ್ಪು ನಿರ್ಧಾರ ಮಾಡಿದರು. ಒಮ್ಮೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಲೆಕ್ಚರರನ್ನು ಕಾರಣವಿಲ್ಲದೆ ಬೈದು, ಮರುದಿನ ಕರೆದು, "ತಪ್ಪು ನಂದವಾ" ಎಂದರು. ಆದರೆ ಹೌದೋ ಅಲ್ಲವೋ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಸಂಜೆಯ ಬಸ್ಸು ಬರುವವರೆಗೂ ಗ್ರಂಥಾಲಯ ತೆರೆದಿರಬೇಕು ಎಂದು ಹೇಳಿದವರು ಅವರೇ. ಹಳ್ಳಿಯ ಮಕ್ಕಳು ಅಲ್ಲೇ ಕೂತು ಓದಿ, ಬಸ್ಸಿನ ಹಾರ್ನ್ ಕೇಳಿದ ಮೇಲೆ ಏಳುತ್ತಿದ್ದರು.

ನಾಲತವಾಡ ಸರ್ ನಿವೃತ್ತರಾದರು. ಅವರ ಜಾಗಕ್ಕೆ ಸರ್ಕಾರ ಯಾರನ್ನೂ ಕಳಿಸಲಿಲ್ಲ. ಇವತ್ತು ಬರುತ್ತಾರೆ, ಬರುವ ವರ್ಷ ಬರುತ್ತಾರೆ ಎನ್ನುತ್ತಲೇ ಕಾಲ ಕಳೆಯಿತು. ಹಿರಿಯ ಅಧ್ಯಾಪಕರೊಬ್ಬರು ತಮ್ಮ ಪಾಠದ ಜೊತೆಗೆ ಪ್ರಾಚಾರ್ಯರ ಕೆಲಸವನ್ನೂ ನೋಡಿಕೊಳ್ಳಬೇಕು ಎಂದಾಯಿತು. ಅವರಿಗೆ 'ಪ್ರಭಾರಿ' ಎಂದು ಹೆಸರು.

ಮೊದಲ ಪ್ರಭಾರಿ ಹಂಪಿಹೊಳಿ ಸರ್ ಒಳಗೆ ಬಂದವರೇ ನನಗೆ ಕೈಮುಗಿದರು. ನನಗೂ ಒಂದು ಕ್ಷಣ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಜವಾನನನ್ನು ಕರೆದು, "ಅದು ಪ್ರಿನ್ಸಿಪಾಲ್ ಸಾಹೇಬ್ರ ಕುರ್ಚಿ, ನಂದಲ್ಲ. ನನಗ ಬಾಜೂಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕು" ಎಂದರು. ಎಲ್ಲರೂ ಅವರ ವಿನಯವನ್ನು ಕೊಂಡಾಡಿದರು. ವಿನಯವೂ ಅಲ್ಲ, ಮಣ್ಣೂ ಅಲ್ಲ! ಯಾರು ಏನು ಕೇಳಿದರೂ ನನ್ನ ಕಡೆ ಕೈ ತೋರಿಸಿ, "ಪರ್ಮನೆಂಟ್ ಸಾಹೇಬ್ರು ಬರ್ಲಿ, ಆಗ ನೋಡೋಣು" ಎನ್ನುವುದಕ್ಕೆ ಅದು ಚೆನ್ನಾಗಿ ಅನುಕೂಲವಾಯಿತು. ನಲ್ಲಿ ಸೋರುತ್ತದೆ ಎಂದರೂ ಅದೇ ಮಾತು, ಹುಡುಗಿಯರ ಶೌಚಾಲಯಕ್ಕೆ ಬಾಗಿಲಿಲ್ಲ ಎಂದರೂ ಅದೇ ಮಾತು. ಆಮೇಲೆ ಬಂದ ಪ್ರಭಾರಿಗಳೆಲ್ಲ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅದು ಕಾಲೇಜಿನ ಸಂಪ್ರದಾಯವೇ ಆಗಿಹೋಯಿತು.

ಗ್ರಂಥಪಾಲಕರು ನಿವೃತ್ತರಾದ ದಿನದ ಸಂಗತಿ ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಅವರು ಕೀಲಿಕೈ ಹಿಡಿದು ಬಂದು, "ಚಾರ್ಜ್ ಯಾರು ತಗೋತೀರಿ?" ಎಂದು ಕೇಳಿದರು. ಕೋಣೆಯ ತುಂಬ ಅಧ್ಯಾಪಕರಿದ್ದರು. ಒಬ್ಬರೂ ಕೈ ಚಾಚಲಿಲ್ಲ. ಚಾರ್ಜ್ ತೆಗೆದುಕೊಂಡವರು ಪುಸ್ತಕಗಳಿಗೆಲ್ಲ ಜವಾಬ್ದಾರರು, ಕಳೆದದ್ದಕ್ಕೂ ಅವರೇ ಉತ್ತರ ಹೇಳಬೇಕು. ಗ್ರಂಥಾಲಯ ಎಂದ ಮೇಲೆ ನಾಲ್ಕು ಪುಸ್ತಕ ಕಳೆಯದೆ ಇರುತ್ತವೆಯೇ? ಗ್ರಂಥಪಾಲಕರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಬೇಸತ್ತು ಕೀಲಿಕೈಯನ್ನು ನನ್ನ ಮೇಲಿಟ್ಟು, ಬಾಗಿಲಿಗೆ ಕೀಲಿ ಜಡಿದಿದ್ದೇನೆ ಎಂದು ಹೇಳಿ ಹೊರಟುಹೋದರು. ಎಲ್ಲರೂ ನಿರಾಳವಾಗಿ ಚಹಾ ಕುಡಿದರು. ಅಂದಿನಿಂದ ಆ ಕಾಲೇಜಿನ ಗ್ರಂಥಾಲಯಕ್ಕೆ ನಾನೇ, ಒಂದು ಮರದ ಕುರ್ಚಿ, ಜವಾಬ್ದಾರ.

ಕೀಲಿಕೈ ನನ್ನ ಮೇಲೆಯೇ ಬಿದ್ದಿತ್ತು. ಅದರ ಮೇಲೆ ಸನ್ಮಾನದ ಶಾಲು, ಒಣಗಿದ ಹಾರ, ಕಳೆದ ವರ್ಷದ ಕ್ರೀಡಾಕೂಟದ ಬ್ಯಾನರ್ ಒಂದರ ಮೇಲೊಂದು ಬಂದು ಕೂತವು. ಒಮ್ಮೆ ಪರಿಶೀಲನಾ ತಂಡ ಬರುತ್ತದೆ ಎಂದು ಗ್ರಂಥಾಲಯದ ಗಾಜಿನ ಬಾಗಿಲನ್ನು ಹೊರಗಿನಿಂದ ಒರೆಸಿ, ಮುಂದೆ ರಂಗೋಲಿ ಹಾಕಿ, 'ಪುಸ್ತಕಗಳ ಎಣಿಕೆ ನಡೆದಿದೆ' ಎಂದು ಬೋರ್ಡ್ ತೂಗುಹಾಕಿದರು. ತಂಡದವರು ಗಾಜಿನಲ್ಲಿ ಇಣುಕಿ, ಚೆನ್ನಾಗಿದೆ ಎಂದು ತಲೆದೂಗಿ ಊಟಕ್ಕೆ ನಡೆದರಂತೆ. ಕೇಳಿ ನನ್ನ ಮೈ ಪರಚಿಕೊಳ್ಳುವ ಹಾಗಾಯಿತು. ಪರಚಿಕೊಳ್ಳಲು ಕೈ ಇಲ್ಲ, ಬರೀ ತೋಳು.

ಆಮೇಲೆ ಪ್ರಭಾರಿಯಾದವರು ಇತಿಹಾಸದ ಬೇವಿನಮರದ ಮೇಡಂ. ನಾಲತವಾಡ ಸರ್ ಬೈದು ತಪ್ಪು ಒಪ್ಪಿಕೊಂಡಿದ್ದರಲ್ಲ, ಆ ಹುಡುಗಿ ಲೆಕ್ಚರರ್ ಇವರೇ. ಈಗ ತಲೆ ನರೆತಿತ್ತು. ಇವರಾದರೂ ಕೂರುತ್ತಾರೆ ಎಂದು ಆಸೆಪಟ್ಟೆ. ಅವರೂ ನನ್ನನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡರು. ಮನೆಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ್ದ ಗಂಡ, ನಿವೃತ್ತಿಗೆ ಹೆಚ್ಚು ದಿನವಿಲ್ಲ. ಅವರ ಹೆದರಿಕೆ ನನಗೆ ತಿಳಿಯುತ್ತಿತ್ತು. ತಿಳಿದರೂ ಸಿಟ್ಟು ಇಳಿಯಲಿಲ್ಲ.

ರೇಷ್ಮಾ ನದಾಫ ಎಂಬ ಹುಡುಗಿ ಅವರ ಹತ್ತಿರ ಬರತೊಡಗಿದಳು. ಎರಡನೇ ವರ್ಷದ ಬಿ.ಎ. ಅಪ್ಪ ಗಾದಿ ಹೊಲಿಯುವವನು. ಪುಸ್ತಕ ಕೊಳ್ಳುವ ಶಕ್ತಿಯಿಲ್ಲ, ಮುಂದೆ ಎಂ.ಎ. ಓದಬೇಕೆಂಬ ಹಟ ಮಾತ್ರ ಬೇಕಾದಷ್ಟು. ಬಸ್ಸು ಬರುವವರೆಗೆ ಗ್ರಂಥಾಲಯದ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಗೆಳತಿಯರ ಝೆರಾಕ್ಸ್ ಹಾಳೆ ಓದುತ್ತಿದ್ದಳು.

"ಮೇಡಂ, ಲೈಬ್ರರಿ ತಗೀಸ್ರಿ" ಎಂದು ಕೇಳಿದಳು.

"ಮ್ಯಾಲೆ ಬರದೀವವಾ, ಉತ್ತರ ಬರ್ಲಿ" ಎಂದರು ಮೇಡಂ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಹುಡುಗಿ ಹೋದ ಮೇಲೆ ಅವರು ಆಫೀಸ್ ಸೂಪರಿಂಟೆಂಡೆಂಟ್ ಹಿರೇಗೌಡರನ್ನು ಮೆಲ್ಲಗೆ ಕೇಳಿದರು, ತೆರೆದರೆ ಏನಾಗುತ್ತದೆ ಎಂದು. ಹಿರೇಗೌಡರು ತಲೆ ಕೊಡವಿದರು. "ಕೀಲಿ ಮುಟ್ಟಿದ್ರ ಚಾರ್ಜ್ ನಿಮ್ಮ ತಲಿಗೆ ಬರ್ತೈತ್ರಿ ಮೇಡಂ. ನಾಳೆ ಪೆನ್ಶನ್ ಹಿಡಿದ್ರಂದ್ರ ಯಾರು ಬರ್ತಾರ ನಿಮ್ಮ ಬೆನ್ನಿಗೆ? ಇಷ್ಟು ಮಂದಿ ಮುಟ್ಟಿಲ್ಲ, ನೀವ್ಯಾಕ ಮುಟ್ಟತೀರಿ?" ಮೇಡಂ ಮುಂದಿನ ಫೈಲು ಎಳೆದುಕೊಂಡರು. ಮುಟ್ಟದೆ ಇರುವುದನ್ನೇ ಆಡಳಿತ ಎಂದು ಕರೆಯುವ ಊರು ಅದು.

ಮಳೆಗಾಲ ಕಳೆದು ಪರೀಕ್ಷೆ ಹತ್ತಿರ ಬಂದಾಗ ರೇಷ್ಮಾ ಮತ್ತೆ ಬಂದಳು. ಈ ಸಲ ಏನೂ ಬೇಡಲಿಲ್ಲ.

"ಮೇಡಂ, ಲೈಬ್ರರಿ ಹಿಂದಿನ ಕಿಡಕಿಗೆ ಒಮ್ಮೆ ಬಂದು ನೋಡ್ರಿ."

"ಏನೈತಿ ಅಲ್ಲಿ?"

"ನಾ ಹೇಳೂದಿಲ್ರಿ. ನೀವ ನೋಡ್ರಿ."

ಮೇಡಂ ಎದ್ದು ಹೋದರು. ತಿರುಗಿ ಬಂದಾಗ ಅವರ ಬೆರಳಿಗೆ ಕೆಮ್ಮಣ್ಣು ಹತ್ತಿತ್ತು. "ಹಿರೇಗೌಡರ, ಬರ್ರಿ ಇಲ್ಲಿ" ಎಂದು ಕರೆದ ದನಿ ಕೇಳಿ ನಾನೇ ಬೆಚ್ಚಿದೆ. ನಾಲತವಾಡ ಸರ್ ಹೋದ ಮೇಲೆ ಆ ಕೋಣೆಯಲ್ಲಿ ಅಂಥ ದನಿ ಎದ್ದಿರಲಿಲ್ಲ.

"ಏನಿದು?"

"ಮಣ್ಣು ಮೇಡಂ."

"ಗೆದ್ದಲದ ಮಣ್ಣು. ಕಿಡಕಿ ಚೌಕಟ್ಟಿಗೂ ಬಂದೈತಿ. ಒಳಗ ಹಿಂದಿನ ಗ್ವಾಡಿ ಸೋರಿ, ಇತಿಹಾಸದ ಕಪಾಟು ಪೂರಾ ಹುತ್ತ ಆಗೈತಿ. ನಾಕು ಪುಸ್ತಕ ಕಳದಾವಂತ ಹೆದರಿ, ಇಡೀ ಲೈಬ್ರರಿ ಗೆದ್ದಲಿಗೆ ಉಣ್ಣಾಕ ಬಿಟ್ಟೀವಲ್ರಿ ನಾವು."

"ಮ್ಯಾಲಿಂದ ಆರ್ಡರ್ ಬರ್ಲಿ ಮೇಡಂ, ಆಮ್ಯಾಲೆ..."

"ಗೆದ್ದಲ ಆರ್ಡರ್ ಕೇಳಿ ಬಂತೇನ್ರಿ?"

ಮೇಡಂ ನನ್ನ ಮೇಲಿನ ಶಾಲು, ಹಾರ, ಬ್ಯಾನರುಗಳನ್ನು ಎರಡೂ ಕೈಯಿಂದ ಬಾಚಿ ನೆಲಕ್ಕೆ ಒಗೆದರು. ತಳದಲ್ಲಿ ಕೀಲಿಕೈ ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಸಲ ಕಣ್ಣು ಮುಚ್ಚಿ, ನನ್ನ ಮೇಲೆ ಕೂತರು. ಅವರ ಹೆದರಿಕೆ ಹೋಗಿರಲಿಲ್ಲ, ನನಗೆ ಗೊತ್ತು. ಹೆದರುತ್ತಲೇ ಕೂತು, "ಚಾರ್ಜ್ ನಾ ತಗೊಂಡೀನಿ, ಹಂಗಂತ ಬರೀರಿ" ಎಂದು ಸಹಿ ಮಾಡಿದರು. ಆ ಬಡಿಗನ ನಂತರ, ನಾಲತವಾಡ ಸರ್ ನಂತರ, ನಾನು ಮತ್ತೆ ಕುರ್ಚಿಯಾದೆ.

ಬಾಗಿಲು ತೆರೆಯಿತು. ಮಕ್ಕಳೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪುಸ್ತಕಗಳನ್ನು ಅಂಗಳದ ಬಿಸಿಲಿಗೆ ತಂದು ಹರವಿದರು. ಎಷ್ಟೋ ಪುಸ್ತಕಗಳು ಮುಟ್ಟಿದರೆ ಪುಡಿ. ಉಳಿದವನ್ನು ಒರೆಸಿ, ಔಷಧ ಹೊಡೆಸಿ, ಮತ್ತೆ ಕಪಾಟಿಗೆ ಏರಿಸಿದರು. ಸಂಜೆಯ ಬಸ್ಸಿನವರೆಗೆ ಗ್ರಂಥಾಲಯ ತೆರೆದಿರಬೇಕು ಎಂದು ಮೇಡಂ ಹೇಳಿದಾಗ ನನ್ನ ಕಿವಿಗೆ, ಇದ್ದಿದ್ದರೆ, ತಂಪಾಗುತ್ತಿತ್ತು.

ಅದಕ್ಕೆ ಸಿಕ್ಕ ಬಹುಮಾನ ಏನು ಗೊತ್ತೇ? ನೋಟಿಸು. ಯಾರ ಅನುಮತಿಯಿಂದ ಬಾಗಿಲು ತೆರೆದಿರಿ, ನಾಶವಾದ ಪುಸ್ತಕಗಳಿಗೆ ನೀವೇಕೆ ಹೊಣೆಯಲ್ಲ ಎಂದು! ವರ್ಷಗಟ್ಟಲೆ ಮುಚ್ಚಿ ಕೂತವರಿಗೆ ಒಂದು ಪ್ರಶ್ನೆಯಿಲ್ಲ. ಅವರೆಲ್ಲ ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಪೂರ್ತಿ ಪೆನ್ಶನ್ ತೆಗೆದುಕೊಂಡು ಮನೆಗೆ ಹೋದರು. ತೆರೆದ ಹೆಂಗಸಿನ ಪೆನ್ಶನ್ನಿಗೆ ತಡೆ. ಥೂ, ಇದೂ ಒಂದು ನ್ಯಾಯವೇ?

ಮೇಡಂ ನಿವೃತ್ತಿಯಾದ ದಿನ ಸಭೆ ಬೇಡವೆಂದರು. ಇಬ್ಬರು ಹುಡುಗರನ್ನು ಕರೆದು, "ಈ ಕುರ್ಚಿ ಇಲ್ಲಿ ಮತ್ತ ಖಾಲಿ ಇರೂದು ಬ್ಯಾಡ. ಲೈಬ್ರರಿಯಾಗ ಒಯ್ದು ಇಡ್ರಿ" ಎಂದರು. ಹೊರಡುವಾಗ ನನ್ನ ತೋಳಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ನಿಂತರು. ನನಗೆ ಅಳು ಬರುವುದಿಲ್ಲ, ಅದೂ ಒಂದು ಕಷ್ಟವೇ.

ಮುಂದಿನ ವಾರ ಹೊಸ ಪ್ರಭಾರಿ ಬಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು ಎಂದು ಬೇರೆ ಹೇಳಬೇಕಾಗಿಲ್ಲ. ಮೇಡಂ ಹೋದ ಮೇಲೆ ಗ್ರಂಥಾಲಯದ ಚಾರ್ಜ್ ಯಾರದ್ದು ಎಂಬ ಮಾತು ಬಂದದ್ದೇ ತಡ, ಅವರೂ ಹಿರೇಗೌಡರೂ ಹೊಸ ಬೀಗ ಹಿಡಿದು ನಡೆದು ಬಂದರು. ನಾನು ಹೊಸ್ತಿಲಿನ ಮೇಲೆ ಇದ್ದೆ. ಒಳಗೆ ಸೆಕೆ ಎಂದು ರೇಷ್ಮಾ ನನ್ನನ್ನು ಬಾಗಿಲಿಗೆ ಅಡ್ಡವಾಗಿ ಎಳೆದುಕೊಂಡು ಕೂತು ಓದುತ್ತಿದ್ದಳು. ಈಗ ಅವಳು ಕೊನೆಯ ವರ್ಷ.

"ಏಳವಾ, ಬಾಗಲಾ ಹಾಕಬೇಕು" ಎಂದರು ಪ್ರಭಾರಿ.

"ಯಾರ ಆರ್ಡರ್ ಐತ್ರಿ ಸರ್?" ಎಂದು ಕೇಳಿದಳು ಅವಳು, ಪುಟದಿಂದ ಕಣ್ಣೆತ್ತದೆ.

ಪ್ರಭಾರಿ ಹಿರೇಗೌಡರ ಮುಖ ನೋಡಿದರು. ಹಿರೇಗೌಡರು ಪ್ರಭಾರಿಯ ಮುಖ ನೋಡಿದರು. 'ಆರ್ಡರ್ ನನ್ನದು' ಎಂದು ಹೇಳುವ ಧೈರ್ಯ ಅವರಿಬ್ಬರಿಗೂ ಇರಲಿಲ್ಲ. ಮೇಲೆ ಬರೆದು ಕೇಳೋಣ ಎಂದುಕೊಂಡು ಬೀಗ ಜೇಬಿಗೆ ಹಾಕಿಕೊಂಡು ಹೋದರು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಈಗ ನನ್ನ ಒಂದು ತೋಳು ಸಡಿಲವಾಗಿದೆ, ಬೆನ್ನಿನ ಬೆತ್ತ ಹರಿದಿದೆ. ಬೇವಿನಮರದ ಮೇಡಂ ಅವರ ಪೆನ್ಶನ್ ಇನ್ನೂ ಬಿಡುಗಡೆಯಾಗಿಲ್ಲ ಎಂದು ಹುಡುಗರು ಮಾತಾಡಿಕೊಳ್ಳುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಅವರು ಒಮ್ಮೆಯಾದರೂ ಈ ಕಡೆ ಬಂದು ನನ್ನ ಮೇಲೆ ಕೂರಬೇಕು ಎಂಬುದೊಂದೇ ನನ್ನ ಆಸೆ. ಆದರೆ ಅವರು ಬಂದರೂ ಸ್ವಲ್ಪ ಕಾಯಬೇಕಾದೀತು. ಬೆಳಿಗ್ಗೆಯಿಂದ ಸಂಜೆಯ ಬಸ್ಸಿನವರೆಗೆ ನಾನೀಗ ಖಾಲಿ ಇರುವುದೇ ಇಲ್ಲ.