ವಾಲ್ವಿನ ಜಾಗದ ಬೋಲ್ಟು

ಮಗು ಇಷ್ಟು ಹೊತ್ತು ಮಲಗಿದ್ದೇ ಇಲ್ಲ. ಬಟ್ಟೆ ಮಡಚುತ್ತಿದ್ದ ಸೊಸೆಯ ಕೈ ಅರ್ಧಕ್ಕೇ ನಿಂತಿತು. ಕೆಳಗೆ ಮಾವನ ಪೇಂಟಿಂಗ್ ಶೆಡ್ಡಿನಲ್ಲಿ ಕಂಪ್ರೆಸರ್ ಓಡುತ್ತಲೇ ಇತ್ತು. ಸೀಟಿ ಮಾತ್ರ ಕೇಳಿಸಿರಲಿಲ್ಲ.

ಕಂಪ್ರೆಸರಿನ ಟ್ಯಾಂಕಿನಲ್ಲಿ ಗಾಳಿ ತುಂಬಿದಾಗ ಮೋಟಾರನ್ನು ನಿಲ್ಲಿಸುವ ಸ್ವಿಚ್ಚು ಕೆಟ್ಟು ತಿಂಗಳಾಗಿತ್ತು. ಅಂದಿನಿಂದ ಒತ್ತಡ ಮಿತಿಮೀರಿದಾಗಲೆಲ್ಲ ಮೇಲಿನ ವಾಲ್ವ್ ಸೀಟಿ ಹೊಡೆದು ಗಾಳಿ ಹೊರಬಿಡುತ್ತಿತ್ತು. ಮೋಟಾರಿನ ಸದ್ದಿಗೆ ಹೊಂದಿಕೊಂಡಿದ್ದ ಮಗು ಆ ಸೀಟಿಗೆ ಬೆಚ್ಚಿಬಿದ್ದು ಅಳುತ್ತಿತ್ತು.

ಅವಳು ಮೆಟ್ಟಿಲಿಳಿದಳು. ಬೀರುವಿನ ಬಾಗಿಲಿಗೆ ಹಸಿರು ಬಣ್ಣ ಹೊಡೆಯುತ್ತಿದ್ದ ಮಾವ ಸ್ಪ್ರೇ ಗನ್ ಕೆಳಗಿಟ್ಟು ಮುಖಕ್ಕೆ ಕಟ್ಟಿದ್ದ ಬಟ್ಟೆ ಸರಿಸಿದರು.

"ಮಹಾರಾಣಿಯವರು ಮಲಗಿದಾರಾ?" ಎಂದು ಪಿಸುಗುಟ್ಟಿದರು. "ಇನ್ಮೇಲೆ ನಾನು ಕೆಮ್ಮಬೇಕಂದ್ರೂ ಅರ್ಜಿ ಹಾಕ್ಕೋಬೇಕು."

"ವಾಲ್ವ್ ಏನಾಯ್ತು ಮಾವ?"

"ಅದರ ಬಾಯಿ ಮುಚ್ಚಿಸ್ದೆ." ವಾಲ್ವ್ ಇದ್ದಲ್ಲಿ ಹೊಸ ಬೋಲ್ಟು ಹೊಳೆಯುತ್ತಿತ್ತು. "ಊಟ ಆದ್ಮೇಲೆ ಹಾಕಿದ್ದು. ಪಾಪ, ಕೂಸು ಒಂದಿನ ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ."

ಬಣ್ಣ ಹೊಡೆಯುವಷ್ಟು ಹೊತ್ತು ಗಾಳಿ ಖರ್ಚಾಗುತ್ತಿತ್ತು. ಈಗ ಅವರು ಮಾತಿಗೆ ನಿಂತಿದ್ದರು. ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪು ಗೆರೆ ದಾಟಿತ್ತು, ಇನ್ನೂ ಸರಿಯುತ್ತಿತ್ತು.

ಅವಳು ಗೋಡೆಯ ಸ್ವಿಚ್ಚು ಆರಿಸಿದಳು. ಮೋಟಾರು ನಿಂತಿತು. ಮುಳ್ಳು ಅಲ್ಲೇ ಇತ್ತು.

"ಆಯ್ತಮ್ಮಾ, ಬಿಚ್ತೀನಿ. ಅದಕ್ಯಾಕೆ ಮುಖ ಹಾಗೆ ಮಾಡ್ತೀಯಾ?" ಮಾವ ಸ್ಪ್ಯಾನರ್ ಎತ್ತಿಕೊಂಡರು.

"ಮುಟ್ಟಬೇಡಿ. ಒಳಗೆ ಇಷ್ಟು ಗಾಳಿ ಇರುವಾಗ ಬಿಚ್ಚಿದ್ರೆ ಬೋಲ್ಟು ಗುಂಡಿನ ಹಾಗೆ ಹಾರುತ್ತೆ."

"ನಿಮ್ಮತ್ತೆಗಿಂತ ಹೆಚ್ಚು ವರ್ಷ ಇದರ ಜೊತೆ ಸಂಸಾರ ಮಾಡಿದೀನಿ. ನಂಗೇ ಪಾಠನಾ?"

"ತೊಟ್ಟಿಲು ಎಲ್ಲಿದೆ ಮಾವ?"

ಅವರು ತಲೆಯೆತ್ತಿ ಚಾವಣಿಯನ್ನು ನೋಡಿದರು. ಟ್ಯಾಂಕಿನ ನೇರ ಮೇಲೆ ತೊಟ್ಟಿಲ ಸ್ಟ್ಯಾಂಡನ್ನು ಮಹಡಿಯ ನೆಲಕ್ಕೆ ಬಿಗಿದ ನಟ್ಟು ಕಾಣುತ್ತಿತ್ತು. ಅದನ್ನು ಬಿಗಿದವರೂ ಅವರೇ. ಸ್ಪ್ಯಾನರ್ ಹಿಡಿದ ಕೈ ಕೆಳಗಿಳಿಯಿತು.

"ಟ್ಯಾಂಕೇ ಸಿಡೀಬಹುದು. ಮಗೂನ ಎತ್ಕೊಂಡು ರಸ್ತೆಯ ಆ ಕಡೆ ಹೋಗು," ಎಂದರು.

"ನೀವು?"

"ಹಾಕಿದ್ದು ನಾನು. ನೀನು ಹೋಗಮ್ಮ."

ಎದುರು ಬದಿಯ ಫುಟ್‌ಪಾತಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳು ನಿಂತಳು. ಮಾವ ಗನ್ನಿನಿಂದ ಬಣ್ಣದ ಡಬ್ಬಿ ಕಳಚಿ, ಪೈಪನ್ನು ಎಟುಕುವಷ್ಟೂ ಎಳೆದುಕೊಂಡು ಹೊರಗೆ ಬಂದರು. ಗೋಡೆಯ ಮರೆಯಲ್ಲಿ ನಿಂತು, ಗನ್ನನ್ನು ನೆಲಕ್ಕೆ ತಿರುಗಿಸಿ ಒತ್ತಿದರು. ಟ್ಯಾಂಕಿನ ಗಾಳಿ ಹೊರನುಗ್ಗುವ ಸದ್ದಿಗೆ ಮಗು ಎಚ್ಚೆತ್ತು ಚೀರಿತು. ಅವರು ಇತ್ತ ನೋಡಲಿಲ್ಲ, ಬೆರಳೂ ಸಡಿಲಿಸಲಿಲ್ಲ.

ಅವರ ಕಾಲ ಬಳಿಯಿಂದ ಧೂಳು ಎದ್ದು ರಸ್ತೆಗೆ ಅಡ್ಡಲಾಗಿ ಹರಡಿತು. ಅದರೊಳಗೆ ಒಂದು ಕಾಗದದ ಚೂರು ಏಳುತ್ತಾ ಬೀಳುತ್ತಾ ಇತ್ತು. ಸ್ವಲ್ಪ ಹೊತ್ತಿಗೆ ಮಗು ಅಳು ಮರೆತು ಅದನ್ನೇ ನೋಡತೊಡಗಿತು.