ಬಾವಿ ಮಾತು ಬೇಡ

"ಬಾವಿ ವಿಷಯ ಒಂದು ಬಿಟ್ಬಿಡಿ ಅಂಕಲ್," ಎಂದರು ಹೆಡ್‌ಮೇಡಂ, ಕಾಫಿ ಲೋಟವನ್ನು ಮುನಿಯಣ್ಣನವರ ಕಡೆ ಸರಿಸುತ್ತಾ. "ಪೇರೆಂಟ್ಸ್ ಗ್ರೂಪಲ್ಲಿ ನಿನ್ನೆಯಿಂದ ಅದೇ ಗಲಾಟೆ. ಜಾತಿಗೀತಿ ನಮ್ಮಕ್ಕಳಿಗೆ ಗೊತ್ತೇ ಇಲ್ಲ, ಯಾವಾಗ ಹೇಳ್ಬೇಕು ಅನ್ನೋದು ನಮ್ಮ ಹಕ್ಕು, ಅಂತಾರೆ. ಹಳೇ ಆಟಗಳ ಬಗ್ಗೆ ಹೇಳಿ. ಗಿಲ್ಲಿ ದಾಂಡು, ಬುಗುರಿ. ಸಖತ್ತಾಗಿರುತ್ತೆ."

"ಪುಸ್ತಕದಲ್ಲೇ ಆ ಪಾಠ ಇದೆಯಲ್ಲ ಮೇಡಂ," ಎಂದರು ಪಕ್ಕದಲ್ಲಿ ನಿಂತಿದ್ದ ಸಮಾಜದ ಟೀಚರ್ ಸೌಮ್ಯ. ಮುನಿಯಣ್ಣನವರನ್ನು ಕರೆಸಿದ್ದೇ ಅವರು.

"ಪುಸ್ತಕದಲ್ಲಿದ್ರೆ ಓದಿಸ್ಬಿಡಿ. ಇವರೇ ಎದುರಿಗೆ ನಿಂತು ಹೇಳಿದ್ರೆ ಬೇರೆ ಆಗುತ್ತೆ."

"ಆಯ್ತು ಬಿಡಿ ಮೇಡಂ," ಎಂದರು ಮುನಿಯಣ್ಣ. ಕಾಫಿ ಆಗಲೇ ಕೆನೆ ಕಟ್ಟಿತ್ತು.

ಎಪ್ಪತ್ತೆರಡು ವರ್ಷದಲ್ಲಿ ಆ ಬಾವಿಯ ಮಾತನ್ನು ಅವರು ಯಾರ ಹತ್ತಿರವೂ ಆಡಿರಲಿಲ್ಲ. ತೀರಿಹೋದ ಹೆಂಡತಿಯ ಹತ್ತಿರವೂ ಇಲ್ಲ. ಮಗ ಸುಭಾಷನಂತೂ "ಹಳೇದನ್ನೆಲ್ಲಾ ಯಾಕಪ್ಪಾ ಕೆದಕ್ತೀಯಾ" ಎಂದು ಟಿವಿ ಸದ್ದು ಜಾಸ್ತಿ ಮಾಡುವವನು. ಏಳನೇ ಕ್ಲಾಸಿನ ಮೊಮ್ಮಗಳು ಸಂಘಮಿತ್ರ ಮಾತ್ರ ಕೇಳಿದ್ದಳು. ಹಜಾರದ ಬುದ್ಧನ ಪಟದೆದುರು ನಿಲ್ಲಿಸಿ ವಾರವಿಡೀ ರಿಹರ್ಸಲ್ಲೂ ಮಾಡಿಸಿದ್ದಳು.

"ಜೆ.ಪಿ.ನಗರ ಅನ್ನೋ ಹೆಸ್ರೇ ಇಲ್ದಿದ್ದ ಕಾಲ ಪುಟ್ಟಿ. ಊರ ಬಾವಿ ನಾವು ಮುಟ್ಟಂಗಿರ್ಲಿಲ್ಲ. ಯಾರಾದ್ರೂ ಸೇದಿ ಮೇಲಿಂದ ಹುಯ್ಯೋವರ್ಗೂ ಕುಕ್ಕರುಗಾಲಲ್ಲಿ ಕೂತು ಬೊಗಸೆ ಒಡ್ಡಿರ್ಬೇಕು."

"ಯಾರೂ ಬರ್ಲಿಲ್ಲ ಅಂದ್ರೆ?"

"ಒಡ್ಕೊಂಡೇ ಇರೋದು."

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. "ಸೂಪರ್ ತಾತ. ನಾಳೆ ಹಲ್ಸೆಟ್ ಮರೀಬೇಡ, ಮಾನ ಹೋಗುತ್ತೆ," ಎಂದಿದ್ದಳು.

ಈಗ ತರಗತಿಯಲ್ಲಿ ಮುನಿಯಣ್ಣ ಸೀಮೆಸುಣ್ಣವನ್ನೇ ಗಿಲ್ಲಿ ಮಾಡಿ ಹಾರಿಸಿದರು. ಬುಗುರಿ ಗುಂಯ್‌ಗುಟ್ಟುವ ಸದ್ದನ್ನು ಬಾಯಲ್ಲೇ ತೆಗೆದರು. ಮಕ್ಕಳು ಬೆಂಚು ಬಡಿದು ನಕ್ಕವು. ಮೂರನೇ ಬೆಂಚಿನಲ್ಲಿದ್ದ ಮೊಮ್ಮಗಳು ಮಿತ್ರ ನಗಲಿಲ್ಲ. ನೋಟ್‌ಬುಕ್ ತೆರೆದಿಟ್ಟುಕೊಂಡು ಕಾಯುತ್ತಿದ್ದಳು. ಬಾಗಿಲಲ್ಲಿ ಹೆಡ್‌ಮೇಡಂ ಕೈಕಟ್ಟಿ ನಿಂತಿದ್ದರು.

"ಅಷ್ಟೇ ಮಕ್ಕಳಾ. ಆಟ ಮುಗೀತು," ಎಂದರು ಮುನಿಯಣ್ಣ. ಮಿತ್ರಳ ಕಡೆ ನೋಡುವ ಧೈರ್ಯ ಆಗಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. "ತಾತ, ಆಡಿ ಆಡಿ ಬಾಯಾರಿದ್ರೆ? ವಾಟರ್ ಬಾಟಲ್ ಇರ್ತಿತ್ತಾ?"

ಎಲ್ಲರೂ ನಕ್ಕರು. ಮುನಿಯಣ್ಣನವರೂ ನಕ್ಕರು. ಬಾಗಿಲ ಕಡೆ ಒಮ್ಮೆ ನೋಡಿದರು. ಮಾತು ಬೇಡ ಅಂದಿದ್ದಾರೆ, ಸರಿ.

ಮೇಜು ಹಿಡಿದು ಮೆಲ್ಲಗೆ ನೆಲಕ್ಕಿಳಿದರು. ಮಂಡಿ ಲಟಕ್ಕೆಂದಿತು. ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಗಲ್ಲದ ಕೆಳಗೆ ಹಿಡಿದು, ಮುಖ ಮೇಲೆತ್ತಿದರು.

ಇದೂ ಒಂದು ಆಟವೇ ಅಂದುಕೊಂಡಳು ಹುಡುಗಿ. ತಾನೂ ಬೊಗಸೆ ಒಡ್ಡಿದಳು. ಪಕ್ಕದವನು ಒಡ್ಡಿದ. ನೋಡುನೋಡುತ್ತಾ ಇಡೀ ತರಗತಿಯೇ ಬೊಗಸೆ ಹಿಡಿದು ಸೂರು ನೋಡುತ್ತಾ ಕೂತಿತು.

"ಆಮೇಲೇನು ತಾತ?" ಹಿಂದಿನಿಂದ ಯಾರೋ ಕೇಳಿದರು.

ಮುನಿಯಣ್ಣ ಅಲುಗಲಿಲ್ಲ. ಹೆಡ್‌ಮೇಡಂ ಗಡಿಯಾರ ನೋಡಿಕೊಂಡರು. ಮಕ್ಕಳ ತೋಳು ಸೋತವು, ಕಿಸಿಕಿಸಿ ಶುರುವಾಯಿತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಬೊಗಸೆಗಳೆಲ್ಲ ಬಿಚ್ಚಿಕೊಂಡು ಡಬ್ಬಿಗಳ ಕಡೆ ಓಡಿದವು.

ಖಾಲಿಯಾದ ಬೆಂಚುಗಳ ನಡುವೆ, ಮೂರನೇ ಸಾಲಿನಲ್ಲಿ, ಒಂದು ಪುಟ್ಟ ಬೊಗಸೆ ಮಾತ್ರ ಇನ್ನೂ ಹಾಗೇ ಇತ್ತು.