ಹಲಗೆಯ ಮೇಲಿನ ಮಿಜೊಗುಚಿ

ಜಪಾನಿ ಶ್ಯಾವಿಗೆ ಉದೊನ್ ಮಾರುವ ನನ್ನ ಅಂಗಡಿಯ ಗೋಡೆಯ ಮೇಲೆ ಒಂದು ಕರಿ ಹಲಗೆಯಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಗಂಡ ಮಿಜೊಗುಚಿಯವರ ಹೆಸರಿದೆ. ಹೊಸ ಗಿರಾಕಿಗಳು, "ಯಾರಮ್ಮ ಇವ್ರು? ಹೆಸರೇ ಕೇಳಿಲ್ವಲ್ಲ" ಅನ್ನುತ್ತಾರೆ. ಕೇಳಿರುವುದಿಲ್ಲ, ಬಿಡಿ. ಹನ್ನೆರಡು ವರ್ಷ ಬೇಸ್‌ಬಾಲ್ ತಂಡದ ಸಂಬಳ ತಿಂದರೂ ಅವರು ಒಂದೇ ಒಂದು ದೊಡ್ಡ ಪಂದ್ಯ ಆಡಲಿಲ್ಲ.

ಅವರು ಕ್ಯಾಚರ್, ಅಂದರೆ ಪಿಚರ್ ಎಸೆದ ಚೆಂಡನ್ನು ಹಿಡಿಯುವವರು. ಪಂದ್ಯಕ್ಕೆ ಮುಂಚೆ ಮೈದಾನದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಪಿಚರ್‌ಗಳ ಎಸೆತ ಹಿಡಿಯುವುದು ಅವರ ಕೆಲಸ. ಹಿಡಿಯುವುದರಲ್ಲೂ ಒಂದು ವಿದ್ಯೆಯಿದೆ. ಚೆಂಡು ಗವಸಿನ ಸರಿಯಾದ ಜಾಗಕ್ಕೆ ಬಿದ್ದರೆ 'ಫಟ್' ಎಂದು ಸದ್ದಾಗುತ್ತದೆ. ಅದನ್ನು ಕೇಳಿದ ಪಿಚರ್‌ಗೆ ತನ್ನ ತೋಳಿನ ಮೇಲೆ ನಂಬಿಕೆ ಬರುತ್ತದೆ. ಸಪ್ಪೆ ಎಸೆತಕ್ಕೂ ಆ ಸದ್ದು ತರಿಸಬಲ್ಲವರು ತಂಡದಲ್ಲಿ ಇವರೊಬ್ಬರೇ. ಹೆಂಡತಿಯೆಂದು ಹೇಳುತ್ತಿಲ್ಲ, ಹೊಗಳುವುದು ನನ್ನ ಜಾಯಮಾನವೇ ಅಲ್ಲ.

ಹನ್ನೆರಡನೆಯ ವರ್ಷದ ಕೊನೆಯ ಪಂದ್ಯ. ಅದಾದ ಮೇಲೆ ಅವರನ್ನು ತಂಡದಿಂದ ಬಿಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ತಂಡದ ಮುಖ್ಯ ಪಿಚರ್ ಕುರಮೊತೊ ತರಬೇತುದಾರರ ಮುಂದೆ ಹಟ ಹಿಡಿದ: "ಇವತ್ತು ಮಿಜೊಗುಚಿ ಅಣ್ಣಾನೇ ಹಿಡೀಬೇಕು. ಇಲ್ಲಾಂದ್ರೆ ನಾನು ಎಸೆಯಲ್ಲ."

ಮೈದಾನದಲ್ಲಿ ಆಟಗಾರರ ಹೆಸರು ಬರೆಯುವ ಹಿರಾನೊ ಮುದುಕ ಮೊದಲ ಸಲ ಅವರ ಹೆಸರನ್ನು ಒಂದು ಹಲಗೆಯ ಮೇಲೆ ಬರೆದು ಎತ್ತರಕ್ಕೇರಿಸಿದ. ಸುದ್ದಿ ತಿಳಿದು ನಾನು ಅಂಗಡಿ ಮುಚ್ಚಿ ಮೈದಾನಕ್ಕೆ ಓಡಿದೆ. ಅದನ್ನು ನೋಡಿ ಗಳಗಳನೆ ಅತ್ತೆ, ಸುಳ್ಳೇಕೆ ಹೇಳಲಿ.

ಮೂಲೆಯ ಬೇಲಿಯ ಬಳಿ ನಿಂತೆ. ಫಟ್, ಫಟ್. ಇಪ್ಪತ್ತನೆಯ ಎಸೆತಕ್ಕೆ ಇವರು ಎದ್ದು ಕುರಮೊತೊನ ಹತ್ತಿರ ಹೋದರು.

"ಮೊಣಕೈ ಎಷ್ಟು ದಿನದಿಂದ ನೋಯ್ತಿದೆಯೋ?"

"ನೋವಾ? ಸದ್ದು ಕೇಳ್ಲಿಲ್ವಾ ಅಣ್ಣ!"

"ಸದ್ದು ನಂದು ಕಣೋ, ಚೆಂಡು ನಿಂದು. ನನ್ನ ಕೈಗೆ ಗೊತ್ತಾಗಲ್ವಾ?"

ಅವನ ಮುಖ ಇಳಿಯಿತು. "ಇವತ್ತೊಂದಿನ ಸುಮ್ನಿದ್ಬಿಡಿ. ನನ್ನ ಆಡಿಸ್ದೆ ಹೊರಗೆ ಕೂರಿಸಿದ್ರೆ ನಿಮ್ಮನ್ನೂ ಕೂರಿಸ್ತಾರೆ."

"ಕೂತು ನಂಗೆ ಹನ್ನೆರಡು ವರ್ಷದ ಅಭ್ಯಾಸ" ಎಂದವರೇ ನೆಟ್ಟಗೆ ತರಬೇತುದಾರರ ಬಳಿ ಹೋಗಿ ಹೇಳಿಬಿಟ್ಟರು.

ಬದಲಿಗೆ ಬಂದ ಪಿಚರ್ ತನ್ನ ರೂಢಿಯ ಕ್ಯಾಚರನ್ನೇ ಕೇಳಿದ. ಪಂದ್ಯ ಶುರುವಾಗುವ ಮೊದಲೇ ಇಬ್ಬರ ಹೆಸರಿನ ಹಲಗೆಗಳನ್ನೂ ಇಳಿಸಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ರೀ, ಒಂದಿನ ಬಾಯಿ ಮುಚ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನನ್ನ ಗಂಟೇನೂ ಹೋಗ್ತಿರ್ಲಿಲ್ಲ ಕಣೆ. ಅವನ ತೋಳು ಹೋಗ್ತಿತ್ತು."

ಮರುದಿನ ವೈದ್ಯರೂ ಅದನ್ನೇ ಹೇಳಿದರು. ಆ ಸಂಜೆ ಹಿರಾನೊ ಮುದುಕ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದ. "ಅಳಿಸೋಕೆ ಕೈ ಬರ್ಲಿಲ್ಲಮ್ಮ, ನೀನೇ ಇಟ್ಕೊ" ಅಂದ.

ಗುಣವಾದ ತೋಳಿನಿಂದ ಕುರಮೊತೊ ಇನ್ನೂ ಹದಿನಾಲ್ಕು ವರ್ಷ ಎಸೆದ. ಪ್ರತಿ ವರ್ಷ ಮೊದಲ ಗೆಲುವಿನ ಮರುದಿನ ಇಲ್ಲಿಗೆ ಬಂದು, ಹಲಗೆಗೆ ತಲೆಬಾಗಿ, ಎರಡು ಬಟ್ಟಲು ಉದೊನ್ ತಿಂದು ಹೋಗುತ್ತಿದ್ದ.

ಮೊನ್ನೆ ಒಬ್ಬ ಗಿರಾಕಿ ನಗುತ್ತಾ ಕೇಳಿದ: "ಆ ಹಲಗೆ ಹಾಕಿದ ದಿನ ನಿಮ್ಮೆಜಮಾನ್ರು ಎಷ್ಟು ಹೊತ್ತು ಆಡಿದ್ರಮ್ಮ?"

"ಹದಿನಾಲ್ಕು ವರ್ಷ" ಅಂದೆ.